ತಲೆದಿಂಬಿನ ಅಡಿಯ ವಜ್ರ

ವಜ್ರ ಎಲ್ಲರಿಗೂ ಆಗಿಬರುವುದಿಲ್ಲ. ಚಿನ್ನ ಯಾರ ಮೈಮೇಲಾದರೂ ಕೂರುತ್ತದೆ, ಬೆಳ್ಳಿಯನ್ನು ಕಾಲಿಗೆ ಹಾಕಿದರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ, ವಜ್ರ ಮಾತ್ರ ತನಗೆ ಬೇಕಾದವರನ್ನು ತಾನೇ ಆರಿಸಿಕೊಳ್ಳುತ್ತದೆ. ಇದು ನನ್ನ ಮಾತಲ್ಲ, ನಮ್ಮಜ್ಜಿಯದು, ಅಂದರೆ ಅಪ್ಪನ ತಾಯಿಯದು. ಅಜ್ಜಿ ತಮ್ಮ ಜೀವಮಾನದಲ್ಲಿ ಒಂದು ಸಾಸಿವೆಕಾಳಿನಷ್ಟು ವಜ್ರವನ್ನೂ ಹಾಕಿದವರಲ್ಲ. ಆದರೂ ಅದರ ಗುಣ ಅವಗುಣ ಅವರಿಗೆ ನಮ್ಮ ಬೀದಿಯ ಸೊಸೆಯರ ಗುಣದಷ್ಟೇ ಚೆನ್ನಾಗಿ ಗೊತ್ತಿತ್ತು.

ಹಾಕಿಕೊಳ್ಳುವ ಮುಂಚೆ ಕಲ್ಲನ್ನು ಪರೀಕ್ಷೆ ಮಾಡಬೇಕು ಎನ್ನುತ್ತಿದ್ದರು. ಪರೀಕ್ಷೆ ಸುಲಭ. ಹಳದಿ ಬಟ್ಟೆಯಲ್ಲಿ ಕಟ್ಟಿ ಮೂರು ರಾತ್ರಿ ತಲೆದಿಂಬಿನ ಅಡಿಯಲ್ಲಿ ಇಟ್ಟುಕೊಂಡು ಮಲಗುವುದು. ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲು, ಬೇರೆ ಯಾರ ಹತ್ತಿರವೂ ಮಾತಾಡದೆ, ಬಿದ್ದ ಕನಸನ್ನು ಮನೆಯ ಹಿರಿಯರಿಗೆ ಹೇಳುವುದು. ಒಳ್ಳೆಯ ಕನಸಾದರೆ ಕಲ್ಲು ಒಪ್ಪಿದೆ. ಕೆಟ್ಟದ್ದಾದರೆ ಕೋಹಿನೂರೇ ಆಗಿರಲಿ, ವಾಪಸು. ನಾನು ಪಿಯುಸಿ ಮುಗಿಸಿದ ಹುಡುಗಿ, ಇದನ್ನೆಲ್ಲ ಕೇಳಿ ಕಿಸಕ್ಕನೆ ನಗುತ್ತಿದ್ದೆ. ನನ್ನ ಸರದಿ ಬರುವವರೆಗೆ ನಕ್ಕೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಕಾರರ ಮನೆ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ ಮತ್ತು ಮಲಗುವ ಕೋಣೆ, ಹಿಂದೆ ನಾಲ್ಕು ಪವರ್‌ಲೂಮು. ಕರೆಂಟು ಇರುವಷ್ಟು ಹೊತ್ತೂ ಮಗ್ಗ ಓಡುತ್ತಿದ್ದವು, ಹಗಲಾದರೂ ರಾತ್ರಿಯಾದರೂ. ಬೇರೆ ಊರಿನಿಂದ ಬಂದ ನೆಂಟರು ಆ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ಒದ್ದಾಡುತ್ತಿದ್ದರು. ನಮಗೆ ಅದು ಜೋಗುಳ. ಕರೆಂಟು ಹೋಗಿ ಮಗ್ಗ ನಿಂತರೆ ಮನೆಯವರೆಲ್ಲ ಒಟ್ಟಿಗೆ ಎಚ್ಚರವಾಗುತ್ತಿದ್ದೆವು. ಆ ಸದ್ದಿನೊಳಗೆ ನಾನು ಎಷ್ಟು ಗಾಢವಾಗಿ ನಿದ್ದೆ ಮಾಡುತ್ತಿದ್ದೆನೆಂದರೆ, ಒಂದು ಕನಸೂ ಬೀಳುತ್ತಿರಲಿಲ್ಲ. ಬಿದ್ದರೂ ಲಾಳಿಯ ಹೊಡೆತಕ್ಕೆ ಚೂರಾಗಿ ಹೋಗುತ್ತಿತ್ತೇನೋ, ಬೆಳಿಗ್ಗೆಗೆ ಏನೂ ಉಳಿಯುತ್ತಿರಲಿಲ್ಲ.

ನನ್ನ ಕನಸುಗಳೆಲ್ಲ ಹಗಲಿನವು. ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದರೆ ರಾಟೆ ತಿರುಗುತ್ತಿತ್ತು, ಕೈ ತಾನೇ ಕೆಲಸ ಮಾಡುತ್ತಿತ್ತು, ನಾನು ಎಲ್ಲೋ ಇರುತ್ತಿದ್ದೆ. ನೇರಳೆ ಬಣ್ಣದ ನೂಲಿದ್ದ ದಿನ ಒಂದು ಊರು, ಹಸಿರು ನೂಲಿದ್ದ ದಿನ ಇನ್ನೊಂದು. ಅಮ್ಮ ಎರಡು ಸಲ ಕೂಗಿದರೂ ಕೇಳುತ್ತಿರಲಿಲ್ಲ. ಮೂರನೇ ಸಲ ಕೂಗಿದರೆ ಅಷ್ಟು ದೂರದಿಂದ ವಾಪಸು ಬರಬೇಕಾಯಿತಲ್ಲ ಎಂದು ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೊಂದು. ನನ್ನನ್ನು ನೋಡಲು ಬಂದವರು ಆವತಿಯವರು. ನಮ್ಮ ಜನವೇ, ಆದರೆ ಎರಡು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ಜಮೀನು ಹಿಡಿದವರು. ಹುಡುಗನಿಗೆ ರೇಷ್ಮೆ ಇಲಾಖೆಯಲ್ಲಿ ಕೆಲಸ, ಹಳ್ಳಿಹಳ್ಳಿ ತಿರುಗಿ ಹುಳುವಿಗೆ ರೋಗ ಬಂದಿದೆಯೋ ಇಲ್ಲವೋ ನೋಡುವುದು. ತಂದೆ ಇಲ್ಲ, ತಾಯಿ ಮತ್ತು ಚಿಕ್ಕಪ್ಪ. ಅವರು ಬಂದ ದಿನ ಅಪ್ಪನಿಗೆ ಅವಸರದ ಆರ್ಡರು ಇತ್ತು, ಎರಡು ಮಗ್ಗ ನಿಲ್ಲಿಸಿ ಎರಡನ್ನು ಓಡಲು ಬಿಟ್ಟಿದ್ದರು. ಪಡಸಾಲೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಅರ್ಧ ಕೇಳಿಸುತ್ತಿತ್ತು. ನಾನು ಉಪ್ಪಿಟ್ಟಿನ ತಟ್ಟೆ ಇಟ್ಟು ಬಾಗಿಲ ಹತ್ತಿರ ನಿಂತೆ. ಹುಡುಗ ತಾಯಿಯ ಕಡೆ ಬಗ್ಗಿ ಏನೋ ಪಿಸುಗುಟ್ಟಿದರು, ಆ ಸದ್ದಿನಲ್ಲಿ ಯಾರಿಗೆ ಕೇಳೀತು ಎಂಬ ಧೈರ್ಯದಿಂದ.

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಕಿವಿ ಬೇಕಿಲ್ಲ. ನಾವು ತುಟಿ ನೋಡಿ ಮಾತು ಹಿಡಿಯುತ್ತೇವೆ, ಚಿಕ್ಕಂದಿನಿಂದ ಹಾಗೇ ಮಾತಾಡಿಕೊಂಡವರು. ಅವರು ಹೇಳಿದ್ದು ಇಷ್ಟು: "ಇವ್ರೇ ಸಾಕಮ್ಮ, ಇನ್ನೆಲ್ಲೂ ಹೋಗೋದು ಬೇಡ."

ಅಂದಿನಿಂದ ನನ್ನ ರಾಟೆಯ ಮುಂದಿನ ಊರುಗಳೆಲ್ಲ ಒಂದೇ ಊರಾದವು. ಸುಳ್ಳು ಯಾಕೆ ಹೇಳಲಿ, ಅವರೇ ಬೇಕು ಎಂದು ನನ್ನ ಮನಸ್ಸು ಹಟ ಹಿಡಿದು ಕೂತಿತು. ಕೆಂಪು ಸೀರೆ, ಚಪ್ಪರ, ಧಾರೆ ನೀರು, ಅಕ್ಷತೆ, ಆವತಿಯ ಬೆಟ್ಟದ ಪಕ್ಕದ ರಸ್ತೆ, ಅವರ ಮೊಪೆಡ್ಡಿನ ಹಿಂದೆ ನಾನು. ಒಂದು ಸೀರೆಗೆ ಬೇಕಾದ ಕಂಡಿಕೆ ಸುತ್ತುವುದರೊಳಗೆ ನನ್ನ ಮದುವೆ ನಾಲ್ಕು ಸಲ ಆಗಿಹೋಗುತ್ತಿತ್ತು.

ನಿಶ್ಚಿತಾರ್ಥಕ್ಕೆ ಆಷಾಢ ಹುಟ್ಟುವ ಮುಂಚಿನ ಕಡೆಯ ಒಳ್ಳೆಯ ದಿನ ಗೊತ್ತಾಯಿತು. ಇನ್ನು ಹದಿನೈದು ದಿನ ಇದ್ದಾಗ ಹುಡುಗನ ತಾಯಿ, ಚಿಕ್ಕಪ್ಪ ಮತ್ತೆ ಬಂದರು. ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ಉಂಗುರ ತೆಗೆದರು. ಒಂಟಿ ಕಲ್ಲಿನ ವಜ್ರದುಂಗುರ. ಕಲ್ಲು ಚಿಕ್ಕದು, ಆದರೆ ಪಡಸಾಲೆಯ ಮೋಡದ ಬೆಳಕಿನಲ್ಲೂ ಅದು ಸುಮ್ಮನಿರಲಿಲ್ಲ, ಗೋಡೆಯ ಸುಣ್ಣದ ಮೇಲೆ ಬಣ್ಣದ ಚುಕ್ಕಿಗಳನ್ನು ಎಸೆಯಿತು.

ಚಿಕ್ಕಪ್ಪ ಹೇಳಿದರು: "ಇದು ಮನೆ ಉಂಗ್ರ. ಅತ್ತಿಗೆಗೆ ನಿಶ್ಚಿತಾರ್ಥದಾಗೆ ಹಾಕಿದ್ದು. ಈಗ ಈ ಹುಡುಗಿ ಕೈಗೆ."

ಹುಡುಗನ ತಾಯಿ ಉಂಗುರವನ್ನು ನೋಡುತ್ತಲೂ ಇರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. ಆಗ ನಮ್ಮಜ್ಜಿ, ಇಂಥ ಸಂದರ್ಭಕ್ಕೇ ಎಪ್ಪತ್ತು ವರ್ಷದಿಂದ ಕಾದಿದ್ದವರ ಹಾಗೆ, ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ ತಾಯಿ. ವಜ್ರ ಅಂದ್ಮೇಲೆ ಮೂರು ರಾತ್ರಿ ಮಗು ತಲೆದಿಂಬಿನಡಿ ಇಟ್ಟು ನೋಡ್ಬೇಕು. ಕನಸು ಹೆಂಗ್ ಬೀಳುತ್ತೋ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಚಿಕ್ಕಪ್ಪನ ಹುಬ್ಬು ಮೇಲೆ ಹೋಯಿತು. ಆದರೆ ತಾಯಿ ಥಟ್ಟನೆ ತಿರುಗಿ, "ನೋಡಿ ನೋಡಿ, ನೋಡ್ಬೇಕಾದ್ದೇ," ಎಂದು ಉಂಗುರವನ್ನು ಅಜ್ಜಿಯ ಕೈಗೆ ಹಾಕಿಬಿಟ್ಟರು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ.

ಆ ಮೂರು ದಿನ ನನಗೆ ಈಗಲೂ ಮಂಜಿನಲ್ಲಿ ನಡೆದ ಹಾಗೆ ನೆನಪಾಗುತ್ತವೆ. ಮಳೆ ಬರುತ್ತಿರಲಿಲ್ಲ, ಬಿಸಿಲೂ ಇರಲಿಲ್ಲ, ಜ್ಯೇಷ್ಠದ ತಣ್ಣನೆ ಗಾಳಿ ಮಾತ್ರ. ಮಧ್ಯಾಹ್ನ ಮಹಡಿಗೆ ಹೋಗಿ ಒಣಹಾಕಿದ ನೂಲಿನ ಲಡಿಗಳ ನಡುವೆ ಕೂತು ಹಳದಿ ಗಂಟು ಬಿಚ್ಚುತ್ತಿದ್ದೆ. ಉತ್ತರಕ್ಕೆ ಮಾಕಳಿದುರ್ಗದ ಬೆಟ್ಟ ಇದೆಯೋ ಇಲ್ಲವೋ ಎನ್ನುವಂತೆ ಕಾಣುತ್ತಿತ್ತು. ಉಂಗುರವನ್ನು ಕಣ್ಣಿಗೆ ಹಿಡಿದರೆ ಬೆಟ್ಟವೂ ಇಲ್ಲ, ಲಡಿಯೂ ಇಲ್ಲ, ಬರೀ ಬೆಳಕಿನ ಚೂರುಗಳು. ಇದು ಮಾತಾಡುತ್ತದೆಯೇ? ಮಾತಾಡಿದರೆ ಕನ್ನಡದಲ್ಲೋ, ತೆಲುಗಿನಲ್ಲೋ? ನಗುತ್ತಿದ್ದೆ, ಆದರೆ ಆ ನಗುವಿನೊಳಗೆ ಸಣ್ಣ ಹೆದರಿಕೆಯೂ ಸೇರಿಕೊಂಡಿತ್ತು. ನಂಬದವರೂ ದೇವರ ಮುಂದೆ ಚಪ್ಪಲಿ ಬಿಡುತ್ತಾರಲ್ಲ, ಆ ತರಹದ್ದು.

ಮೊದಲ ಬೆಳಿಗ್ಗೆ ಕನಸಿಲ್ಲ. ಎರಡನೇ ಬೆಳಿಗ್ಗೆಯೂ ಇಲ್ಲ. ಅಜ್ಜಿ ನನ್ನ ಹಾಸಿಗೆಯ ಪಕ್ಕದಲ್ಲಿ ಕೋಳಿ ಕೂಗುವ ಮೊದಲೇ ಬಂದು ಕೂತಿರುತ್ತಿದ್ದರು. "ಏನೂ ಇಲ್ವೇನೇ? ಒಂದು ಹಸು, ಒಂದು ಕೆರೆ?"

"ಇಲ್ಲ ಅಜ್ಜಿ."

"ಕಲ್ಲು ಇನ್ನೂ ಬಾಯಿಬಿಟ್ಟಿಲ್ಲ. ನಾಳೆನೂ ಬೀಳ್ದಿದ್ರೆ ಅಮಾವಾಸ್ಯೆ ಕಳೆದ್ಮೇಲೆ ಮತ್ತೆ ಮೂರು ರಾತ್ರಿ ಇಡ್ಬೇಕು."

ಅಮಾವಾಸ್ಯೆ ಕಳೆದರೆ ಆಷಾಢ. ಆಷಾಢದಲ್ಲಿ ನಿಶ್ಚಿತಾರ್ಥ ಇಲ್ಲ. ಶ್ರಾವಣದವರೆಗೆ ಕಾಯಬೇಕು. ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು, ಯಾಕೆಂದರೆ ಚಿಕ್ಕಪ್ಪನ ಕಣ್ಣು ಅವರ ಊರ ಹತ್ತಿರದ ವಿಜಯಪುರದ ಇನ್ನೊಂದು ಸಂಬಂಧದ ಮೇಲಿದೆ ಎಂಬ ಸುದ್ದಿ ನಮ್ಮ ಮನೆಗೂ ಬಂದಿತ್ತು. ಆ ರಾತ್ರಿ ಮಲಗುವ ಮುಂಚೆ ಹಳದಿ ಗಂಟನ್ನು ಕೈಗೆತ್ತಿಕೊಂಡೆ. ಒಂದು ಕನಸು, ಒಂದೇ ಒಂದು ಕನಸು ಬೀಳಿಸು ಮಾರಾಯ್ತಿ ಎಂದು ಕಲ್ಲಿಗೆ ಕೈಮುಗಿದೆ. ಮೂರನೇ ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಅಜ್ಜಿಯ ಮುಖ, ಹಿಂದೆ ಮಗ್ಗದ ಸದ್ದು, ತಲೆಯೊಳಗೆ ಬಿಳೀ ಬಟ್ಟೆಯ ಹಾಗೆ ಖಾಲಿ.

"ಬಿತ್ತೇನೇ?"

"ಬಿತ್ತು," ಎಂದೆ. ಹೇಳಿಯಾದ ಮೇಲೆ ಏನಾದರೂ ಬೀಳಿಸಲೇಬೇಕಲ್ಲ. ಅರೆನಿದ್ದೆಯಲ್ಲಿ ಬಾಯಿಗೆ ಮೊದಲು ಬಂದದ್ದನ್ನೇ ಹೇಳತೊಡಗಿದೆ. "ದೊಡ್ಡ ಚಪ್ಪರ ಹಾಕಿದ್ರು ಅಜ್ಜಿ. ವಾಲಗ ಊದ್ತಿದ್ರು. ನಾನು ಕೆಂಪು ಸೀರೆ ಉಟ್ಟು ಮಲ್ಲಿಗೆ ಮುಡ್ಕೊಂಡು ಹಸೆ ಮೇಲೆ ಕೂತಿದ್ದೆ. ಎಲ್ರೂ ನಗ್ತಾ ಇದ್ರು. ಒಬ್ಬಟ್ಟಿನ ಊಟ ಹಾಕ್ತಿದ್ರು..."

ಹೇಳುತ್ತ ಹೇಳುತ್ತ ಅಜ್ಜಿಯ ಮುಖ ನೋಡಿದೆ. ಆ ಮುಖದಿಂದ ರಕ್ತ ಇಳಿದುಹೋಗಿತ್ತು. ಆಗ ನನಗೆ ನಿಜವಾಗಿ ಎಚ್ಚರವಾಯಿತು.

ಕನಸಿನಲ್ಲಿ ಮದುವೆ ಕಾಣಬಾರದು. ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತಿರುವ ಮಾತು. ಕನಸಿನ ಲೆಕ್ಕ ಯಾವಾಗಲೂ ತಿರುಗುಮುರುಗು: ಸಾವು ಕಂಡರೆ ಆಯಸ್ಸು ಗಟ್ಟಿ, ಅತ್ತರೆ ಶುಭ, ಮದುವೆ ಕಂಡರೆ ಆ ಮನೆಯಲ್ಲಿ ಸಾವು. ಹೂವು, ವಾಲಗ, ಸಿಹಿಯೂಟ, ಒಂದೊಂದೂ ಅದಕ್ಕೆ ಇನ್ನಷ್ಟು ಕೇಡು ಸೇರಿಸುತ್ತದೆ. ನಾನು ಒಂದನ್ನೂ ಬಿಡದೆ ಎಲ್ಲವನ್ನೂ ಬಡಿಸಿದ್ದೆ. ಗಾಬರಿಯಲ್ಲಿ, "ಒಂದು ಹೆಣಾನೂ ಇತ್ತು ಅಜ್ಜಿ, ಮೂಲೇಲಿ," ಎಂದೆ.

ಅಜ್ಜಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ನೋರು ಮುಯ್ಯಿ," ಎಂದರು. ಬಾಯಿ ಮುಚ್ಚಿದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ್ದು ಒಂದೇ ಸುಳ್ಳು, ಅದೇ ನನ್ನ ಮದುವೆಯ ಕುತ್ತಿಗೆಗೆ ಬಂತು. ಕನಸೇ ಬಿದ್ದಿಲ್ಲ, ಹುಟ್ಟಿಸಿ ಹೇಳಿದೆ ಎಂದು ಒಪ್ಪಿಕೊಳ್ಳಬಹುದಿತ್ತು. ಅಜ್ಜಿ ನಂಬುತ್ತಿರಲಿಲ್ಲ. ಕೆಟ್ಟ ಕನಸು ಕಂಡವರು ಮೊದಲು ಮಾಡುವುದೇ ಕಂಡಿಲ್ಲ ಅನ್ನುವುದು ಎನ್ನುತ್ತಿದ್ದರು. ಹಾಗೆಂದು ಸಮಾಧಾನ ಮಾಡಿಕೊಂಡೆ, ನಿಜ ಏನೆಂದರೆ ನನಗೆ ಧೈರ್ಯ ಬರಲಿಲ್ಲ.

ಉಂಗುರ ಇನ್ನೊಂದು ರಾತ್ರಿ ಮನೆಯಲ್ಲಿ ಇರಕೂಡದು ಎಂದು ಅಜ್ಜಿ ಅಪ್ಪನನ್ನು ಅಂದೇ ಹೊರಡಿಸಿದರು. ದೇವನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಆವತಿಗೆ ಇನ್ನೊಂದು. ಅಪ್ಪ ಸಂಜೆ ವಾಪಸು ಬಂದು ಜಗಲಿಯ ಮೇಲೆ ಕೂತವರು ಚಪ್ಪಲಿಯನ್ನೂ ಬಿಡಲಿಲ್ಲ.

"ಕನಸು ಏನು ಅಂತ ಕೇಳಿದ್ರು. ಹೇಳ್ದೆ. ಆಯಮ್ಮ ಉಂಗ್ರ ಈಸ್ಕೊಂಡು ಒಳಗೆ ಹೋಗಿ ಬಾಗ್ಲು ಹಾಕ್ಕೊಂಡ್ರು. ಒಂದು ಲೋಟ ನೀರೂ ಕೊಡ್ಲಿಲ್ಲ. ಹುಡುಗ ಊರಲ್ಲಿರ್ಲಿಲ್ಲ. ಆ ಚಿಕ್ಕಪ್ಪ ಗೇಟಿನ ತನಕ ಬಂದು ಏನಂದ ಗೊತ್ತಾ, ಕಲ್ಲು ನಿಮ್ಮ ಹುಡುಗೀಗೆ ಆಗ್ಲಿಲ್ವೋ, ನಿಮ್ಮ ಹುಡುಗಿ ಕಲ್ಲಿಗೆ ಆಗ್ಲಿಲ್ವೋ ಅಂದ."

ನಾಲ್ಕು ದಿನ ಆವತಿಯಿಂದ ಸುದ್ದಿಯಿಲ್ಲ. ಮನೆಯಲ್ಲಿ ಯಾರೂ ನಿಶ್ಚಿತಾರ್ಥದ ಹೆಸರೆತ್ತಲಿಲ್ಲ. ನಾನು ರಾಟೆಯ ಮುಂದೆ ಕೂತರೆ ಯಾವ ಊರೂ ಬರುತ್ತಿರಲಿಲ್ಲ, ನೂಲು ಬರೀ ನೂಲಾಗಿ ಓಡುತ್ತಿತ್ತು. ಅಮ್ಮ ಒಂದೇ ಸಲ ಕೂಗಿದರೂ ಎದ್ದು ಹೋಗುತ್ತಿದ್ದೆ. ಅಮ್ಮನಿಗೆ ಅದೇ ಹೆಚ್ಚು ಭಯವಾಯಿತಂತೆ, ಆಮೇಲೆ ಹೇಳಿದರು.

ಐದನೆಯ ದಿನ ಮೊಪೆಡ್ಡಿನ ಸದ್ದು. ಸದ್ದು ಅಂದರೆ, ಮಗ್ಗದ ಗಲಾಟೆಯಲ್ಲಿ ಕೇಳಿಸಲಿಲ್ಲ, ಕಿಟಕಿಯಿಂದ ಕಂಡಿತು. ಹುಡುಗನೇ ಬಂದಿದ್ದರು, ಒಬ್ಬರೇ. ಅಪ್ಪ ಮಗ್ಗ ನಿಲ್ಲಿಸಲು ಒಳಗೆ ಹೋದ ಆ ಅರ್ಧ ನಿಮಿಷದಲ್ಲಿ ಅವರು ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ, ದನಿಯಿಲ್ಲದೆ, ತುಟಿ ಮಾತ್ರ ಆಡಿಸಿ, "ಹೆದ್ರಬೇಡಿ," ಎಂದರು. ನನ್ನ ವಿದ್ಯೆ ಅವರಿಗೆ ಹೇಗೆ ಗೊತ್ತಾಯಿತೋ. ಆ ದಿನ ಅವರು ಪಿಸುಗುಟ್ಟಿದಾಗ ನನ್ನ ಮುಖ ಕೆಂಪಾದದ್ದನ್ನು ನೋಡಿದ್ದರಂತೆ. ಅಲ್ಲೇ ಅಳು ಬಂತು, ತಡೆದುಕೊಂಡೆ.

ಅವರು ತಂದ ಮಾತು ಸರಳವಾಗಿತ್ತು. ತಾಯಿಗೆ ಸಂಬಂಧ ಬೇಕೇ ಬೇಕು, ದಿನವನ್ನೂ ಬದಲಾಯಿಸುವುದು ಬೇಡ, ಆದರೆ ಆ ಉಂಗುರ ಬೇಡ. ಯಾವ ವಜ್ರವೂ ಬೇಡ. "ಅಮ್ಮ ಇಷ್ಟೇ ಹೇಳಿ ಕಳಿಸಿದ್ದು. ನಾನೊಂದು ಯೋಚನೆ ಮಾಡಿದೀನಿ. ಈಗ ಅಮೆರಿಕನ್ ಡೈಮಂಡ್ ಅಂತ ಬರುತ್ತೆ. ನೋಡಕ್ಕೆ ವಜ್ರದ ಹಂಗೇ. ಫ್ಯಾಕ್ಟರೀಲಿ ಕಾಯಿಸಿ ಮಾಡ್ತಾರೆ, ಭೂಮಿಯಿಂದ ತೆಗೆದಿದ್ದಲ್ಲ."

ಅಜ್ಜಿ ಕಿವಿ ನಿಮಿರಿಸಿದರು. "ಕುಲುಮೇಲಿ ಹುಟ್ಟಿದ್ದಾ?"

"ಹೂಂ ಅಜ್ಜಿ."

"ಹಂಗಾದ್ರೆ ಅದಕ್ಕೆ ದೋಷ ಗೀಷ ಇರಕ್ಕಿಲ್ಲ. ಹುಟ್ಟಿದ ಗಳಿಗೆನೇ ಇಲ್ದಿದ್ದಕ್ಕೆ ಎಲ್ಲಿಯ ಜಾತಕ." ಅಜ್ಜಿಯ ಶಾಸ್ತ್ರದಲ್ಲಿ ಎಲ್ಲಕ್ಕೂ ಜಾಗವಿತ್ತು.

ಅಪ್ಪನಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. "ನಿಶ್ಚಿತಾರ್ಥಕ್ಕೆ ನನ್ ಮಗಳ ಬೆರಳಿಗೆ ಗಾಜು ಹಾಕಿಸ್ಲಾ? ಜನ ಏನಂತಾರೆ? ನಕಲಿ ಅಂತಾರೆ."

ನನ್ನ ಮೂಗಿನ ತುದಿ ಬಿಸಿಯಾಯಿತು. ವರನ ಎದುರಿಗೆ ಹೆಣ್ಣು ಬಾಯಿಬಿಡಬಾರದು, ಬಿಟ್ಟೆ. "ಅಪ್ಪ, ನಾವು ನೇಯೋದು ರೇಷ್ಮೆನಾ? ಆರ್ಟ್ ಸಿಲ್ಕ್ ತಾನೇ, ಫ್ಯಾಕ್ಟರಿ ನೂಲು. ಜರಿ ಚಿನ್ನದ್ದಾ? ನಮ್ಮ ಸೀರೆ ಉಟ್ಕೊಂಡು ಎಷ್ಟು ಜನ ಹಸೆ ಮೇಲೆ ಕೂತಿಲ್ಲ. ಅವ್ರ ಮದುವೆ ನಕಲಿನಾ?"

ಅಪ್ಪ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಅಂಗಿಯ ತೋಳಿಗೆ ಅಂಟಿದ್ದ ನೂಲಿನ ಎಳೆ ತೆಗೆಯುತ್ತ, "ಬಡವ್ರ ಮಕ್ಕಳೂ ಹೊಳೀಬೇಕಲ್ಲಮ್ಮ," ಎಂದರು. ಅಷ್ಟೇ. ಅದನ್ನು ಒಪ್ಪಿಗೆ ಎಂದು ನಾವೆಲ್ಲ ತೆಗೆದುಕೊಂಡೆವು.

ಈಚೆಗೆ ಮೊಯ್ಸನೈಟ್ ಎಂಬ ಕಲ್ಲು ಬಂದಿದೆಯಂತೆ. ನನ್ನ ಅಣ್ಣನ ಮಗಳು ತನ್ನ ನಿಶ್ಚಿತಾರ್ಥಕ್ಕೆ ಅದೇ ಬೇಕೆಂದು ಹಟ ಹಿಡಿದು, ವಜ್ರಕ್ಕಿಂತ ಹೆಚ್ಚು ಹೊಳೆಯುತ್ತೆ ಅತ್ತೆ ಎಂದು ನನಗೆ ಪಾಠ ಮಾಡಿದಳು. ಅವಳ ಅಪ್ಪನದೂ ಅದೇ ಗೋಳು, ಜನ ಏನಂತಾರೆ. ಜನ ಯಾವಾಗಲೂ ಏನಾದರೂ ಅನ್ನುತ್ತಾರೆ, ಕಲ್ಲಿನ ಹೆಸರು ಮಾತ್ರ ಬದಲಾಗುತ್ತದೆ.

ಎರಡು ದಿನ ಬಿಟ್ಟು ದೊಡ್ಡಬಳ್ಳಾಪುರದ ಪೇಟೆಬೀದಿಯ ಒಂದು ಆಭರಣದಂಗಡಿಯಲ್ಲಿ ನಾವು ನಾಲ್ವರು ಸೇರಿದೆವು: ನಾನು, ಅಪ್ಪ, ಹುಡುಗ, ಹುಡುಗನ ತಾಯಿ. ಚಿಕ್ಕಪ್ಪ ಬರಲಿಲ್ಲ. ತಾಯಿ ಬಂದವರೇ ಹಳೆಯ ಉಂಗುರವನ್ನು ಅಂಗಡಿಯವರ ಮುಂದಿಟ್ಟು, "ಇದನ್ನ ನೀವೇ ಇಟ್ಕೊಂಡು ಹೊಸದರ ಬೆಲೇಲಿ ಕಳೀರಿ, ನಮಗೆ ಬೇಡ," ಎಂದರು. ಅಂಗಡಿಯವರು ಮುದುಕರು. ಆತುರವಿಲ್ಲದ ಮನುಷ್ಯ. ಆಗಲಿ ತಾಯಿ ಎಂದು ಅದನ್ನು ಪಕ್ಕಕ್ಕಿಟ್ಟು, ನೀಲಿ ಮಖಮಲ್ಲಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಅಮೆರಿಕನ್ ಡೈಮಂಡುಗಳನ್ನು ಸುರಿದರು. ಅಷ್ಟು ಬೆಳಕನ್ನು ಒಟ್ಟಿಗೆ ನಾನು ನೋಡಿರಲಿಲ್ಲ. ಅಂಗಡಿಯೊಳಗಿನ ಒಂದೇ ಬಲ್ಬು ನೂರಾಗಿ ಮಖಮಲ್ಲಿನ ಮೇಲೆ ಬಿದ್ದುಕೊಂಡಿತ್ತು.

"ವ್ಯತ್ಯಾಸ ನೋಡ್ತೀರೇನಮ್ಮ?" ಎಂದು ಮುದುಕರು ಹಳೆಯ ಉಂಗುರವನ್ನೂ ಒಂದು ಹೊಸ ಕಲ್ಲನ್ನೂ ನನ್ನ ಬಾಯಿಯ ಹತ್ತಿರ ಹಿಡಿದರು. "ಹಾ ಅಂತ ಊದಿ."

ಊದಿದೆ. ವಜ್ರದ ಮೇಲಿನ ಆವಿ ಕೂರುವ ಮುಂಚೆಯೇ ಹೋಯಿತು. ಇನ್ನೊಂದರ ಮೇಲೆ ನನ್ನ ಉಸಿರು ಸ್ವಲ್ಪ ಹೊತ್ತು ಮಬ್ಬಾಗಿ ನಿಂತು, ನಿಧಾನವಾಗಿ ಅಂಚಿನಿಂದ ಕರಗಿತು. ಮುದುಕರು ಅದರ ಕೊರತೆ ತೋರಿಸುತ್ತಿದ್ದರು. ನನಗೆ ಅದೇ ಇಷ್ಟವಾಯಿತು. ಇದು ನನ್ನ ಉಸಿರನ್ನು ಒಂದು ಗಳಿಗೆಯಾದರೂ ಇಟ್ಟುಕೊಂಡಿತು ಎನಿಸಿತು. "ಇದೇ ಸಾಕು," ಎಂದೆ. ಹುಡುಗ ನಕ್ಕರು.

ಕಲ್ಲು ಕೂರಿಸುವ ಚಿನ್ನದ ಕಟ್ಟಡದ ಮಾದರಿ ಆರಿಸಲು ಮುದುಕರು ಗಂಡಸರಿಬ್ಬರನ್ನು ಒಳಗಿನ ಅಕ್ಕಸಾಲಿಯ ಹತ್ತಿರ ಕರೆದುಕೊಂಡು ಹೋದರು. ಬೆಂಚಿನ ಮೇಲೆ ನಾನು ಮತ್ತು ಹುಡುಗನ ತಾಯಿ ಉಳಿದೆವು. ಹಳೆಯ ಉಂಗುರ ನಮ್ಮ ಮುಂದೆ ಮಖಮಲ್ಲಿನ ಒಂದು ಮೂಲೆಯಲ್ಲಿ ಬಿದ್ದಿತ್ತು. ಅವರು ನನ್ನ ಕೈ ಹಿಡಿದುಕೊಂಡರು.

"ನೀನು ನನ್ ಮಗನ್ನ ಉಳಿಸ್ದೆ ಕಣಮ್ಮ," ಎಂದರು.

ನನಗೆ ಅರ್ಥವಾಗಲಿಲ್ಲ.

"ನಂಗೂ ಇದನ್ನೇ ಮೂರು ರಾತ್ರಿ ತಲೆದಿಂಬಿನಡಿ ಇಟ್ಟಿದ್ರು. ಮೂರನೇ ದಿನ ನಿಂಗೆ ಬಿದ್ದ ಕನಸೇ ನಂಗೂ ಬಿದ್ದಿತ್ತು. ಚಪ್ಪರ, ವಾಲಗ, ಮೈತುಂಬ ಹೂವು. ನಮ್ಮ ಸೋದರತ್ತೆ ಏನು ಕಂಡೆ ಅಂತ ಕೇಳಿದ್ರು. ಕೆರೆ ತುಂಬಿ ಹರೀತಿತ್ತು ಅಂದ್ಬಿಟ್ಟೆ. ನಿಜ ಹೇಳಿದ್ರೆ ಸಂಬಂಧ ತಪ್ಪೋಗುತ್ತೆ ಅಂತ ಭಯ. ಅವರನ್ನ ಒಂದೇ ಸಲ ನೋಡಿದ್ದೆ, ಆದ್ರೂ ಬಿಟ್ಟಿರಕ್ಕಾಗಲ್ಲ ಅನ್ನಿಸಿತ್ತು." ಅವರ ದನಿ ಒಂದೇ ಸಮನಾಗಿತ್ತು, ಅಳು ಇರಲಿಲ್ಲ. "ಮದುವೆಯಾಗಿ ಐದನೇ ವರ್ಷ ಅವರಿಗೆ ಜ್ವರ ಬಂತು. ಒಂಬತ್ತೇ ದಿನ, ಹೋಗ್ಬಿಟ್ರು. ಮಗುಗೆ ಮೂರು ವರ್ಷ. ಇಪ್ಪತ್ತೆರಡು ವರ್ಷದಿಂದ ನಾನೇ ಕೊಂದೆ ಅಂತ ಬದುಕ್ತಾ ಇದೀನಿ. ಯಾರಿಗೂ ಹೇಳಿಲ್ಲ. ಮೈದುನ ಆ ಉಂಗ್ರನೇ ಸೊಸೆಗೆ ಅಂದಾಗ ಬೇಡ ಅನ್ನಕ್ಕೆ ಕಾರಣ ಹೇಳ್ಬೇಕಿತ್ತಲ್ಲ. ನಿಮ್ಮಜ್ಜಿ ಕನಸು ನೋಡ್ಬೇಕು ಅಂದಾಗ ಹೋದ ಜೀವ ಬಂತು. ನಿಮ್ಮಪ್ಪ ಬಂದು ನಿನ್ ಕನಸು ಹೇಳ್ದಾಗ ಉಂಗ್ರ ಈಸ್ಕೊಂಡು ಒಳಗೆ ಹೋಗಿ ಕೂತ್ಬಿಟ್ಟೆ. ಸಂಶಯ ಅಂತ ಒಂದು ಚೂರಿತ್ತು, ಅದೂ ಹೋಯ್ತು. ನನ್ನಲ್ಲಿಲ್ದ ಧೈರ್ಯ ನಿನ್ನಲ್ಲಿತ್ತು, ನಿಜ ಹೇಳ್ದೆ."

ಅವರು ನನ್ನ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಸುಮ್ಮನಿದ್ದರೆ ಎಲ್ಲವೂ ಸರಿಯಾಗಿತ್ತು. ಒಳಗೆ ನನ್ನ ಉಂಗುರದ ಕಟ್ಟಡ ತೀರ್ಮಾನವಾಗುತ್ತಿತ್ತು, ಇನ್ನು ಐದಾರು ದಿನಕ್ಕೆ ನಿಶ್ಚಿತಾರ್ಥ, ಅತ್ತೆಯಾಗುವವರ ಕಣ್ಣಲ್ಲಿ ನಾನು ಸತ್ಯವಂತೆ. ಬಾಯಿಬಿಟ್ಟರೆ ಮದುವೆಗೆ ಮೊದಲೇ ಸುಳ್ಳುಗಾತಿ. ಮದುವೆ ಹೋದರೂ ಹೋಗಬಹುದು. ಅಷ್ಟು ಹೊತ್ತಿಗೆ ಒಳಗಿನಿಂದ ಹುಡುಗನ ನಗು ಕೇಳಿಸಿತು, ಆ ನಗು ನನಗೆ ಬೇಕಿತ್ತು, ಬಹಳ ಬೇಕಿತ್ತು. ಆದರೆ ನನ್ನ ಬಾಯಿಚಪಲದ ಒಂದು ಸುಳ್ಳಿಗೆ ಈ ಹೆಂಗಸು ಕೊಲೆಗಾತಿಯಾಗಿ ಸಾಯಬೇಕೇ? ನನ್ನ ಮೇಲೆ ನನಗೇ ಬಂದ ಸಿಟ್ಟು ಆ ದಿನ ಒಂದು ಒಳ್ಳೆಯ ಕೆಲಸ ಮಾಡಿತು.

"ನಂಗೆ ಕನಸೇ ಬಿದ್ದಿರ್ಲಿಲ್ಲ ಅತ್ತೆ," ಎಂದೆ. "ಮೂರು ರಾತ್ರಿನೂ ಏನೂ ಇಲ್ಲ. ಆಷಾಢ ಬಂದ್ಬಿಡುತ್ತೆ ಅಂತ ಹೆದರಿ ಸುಳ್ಳು ಹೇಳ್ದೆ."

ಅವರು ಕೈ ಬಿಡಲಿಲ್ಲ, ಆದರೆ ಹಿಡಿತ ಸಡಿಲವಾಯಿತು. "ಏನೂ ಕಾಣ್ಲಿಲ್ವಾ?"

"ದೇವರಾಣೆ ಇಲ್ಲ. ಎದ್ದ ಕೂಡ್ಲೇ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಬಾಯಿಗೆ ಮದುವೇನೇ ಯಾಕೆ ಬಂತು?"

"ಇನ್ನೇನು ಬರುತ್ತೆ ಅತ್ತೆ? ನೀವು ನೋಡ್ಕೊಂಡು ಹೋದಾಗ್ಲಿಂದ ತಲೇಲಿ ಅದೊಂದೇ ಇತ್ತಲ್ಲ. ಕೂತ್ರೆ ಮದುವೆ, ನಿಂತ್ರೆ ಮದುವೆ. ಮದುವೆ ಗೊತ್ತಾದ ಹುಡುಗಿಗೆ ಅದು ಬಿಟ್ಟು ಬೇರೆ ಏನು..."

ಮಾತು ಅಲ್ಲಿಗೇ ನಿಂತಿತು. ನಾನು ಏನು ಹೇಳುತ್ತಿದ್ದೇನೆಂದು ನನಗೆ ಆಗ ತಿಳಿಯಿತು. ಅವರಿಗೆ ನನಗಿಂತ ಮೊದಲೇ ತಿಳಿದಿತ್ತು. ಅವರ ಮುಖ ನೋಡಿದೆ. ಐವತ್ತರ ಹತ್ತಿರದ ಆ ಮುಖದೊಳಗಿನಿಂದ ಇಪ್ಪತ್ತು ವರ್ಷದ ಒಬ್ಬ ಹುಡುಗಿ, ಒಂದು ಸಲ ನೋಡಿದ ಗಂಡನ್ನು ಮನಸ್ಸು ತುಂಬಿಕೊಂಡು ಮಲಗಿ, ಚಪ್ಪರದ ಕನಸು ಕಂಡು ಎದ್ದವಳು, ನನ್ನ ಕಡೆ ನೋಡುತ್ತಿದ್ದಳು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು, ಸದ್ದಿಲ್ಲದೆ, ಭುಜ ಮಾತ್ರ ಅಲುಗಾಡುತ್ತಿತ್ತು. ನಾನೂ ಅತ್ತೆ. ನನ್ನನ್ನು ಬಯ್ಯುತ್ತಾರೆ ಎಂದು ಕಾದಿದ್ದೆ, ಬಯ್ಯಲಿಲ್ಲ. "ಸುಳ್ಳಿ," ಎಂದರು ಒಂದೇ ಸಲ, ನನ್ನ ಕೆನ್ನೆ ಒರೆಸುತ್ತ.

ಗಂಡಸರು ಹೊರಗೆ ಬರುವಷ್ಟರಲ್ಲಿ ನಾವಿಬ್ಬರೂ ಮುಖ ಸರಿಮಾಡಿಕೊಂಡು ಕೂತಿದ್ದೆವು. ಮುದುಕರು ನನ್ನ ಕಲ್ಲನ್ನು ಬೇರೆ ಪೊಟ್ಟಣಕ್ಕೆ ಹಾಕಿ, ನಿಶ್ಚಿತಾರ್ಥದ ಹಿಂದಿನ ದಿನ ಉಂಗುರ ಸಿದ್ಧವಿರುತ್ತದೆ ಎಂದರು. ಆಮೇಲೆ ಹಳೆಯ ಉಂಗುರವನ್ನು ಎತ್ತಿಕೊಳ್ಳಲು ಕೈ ಚಾಚಿ, "ಹಂಗಾದ್ರೆ ಇದನ್ನ ಕರಗಿಸಕ್ಕೆ ಹಾಕ್ಲಾ ತಾಯಿ?" ಎಂದು ಕೇಳಿದರು.

ನನ್ನ ಅತ್ತೆ ಅವರಿಗಿಂತ ಮುಂಚೆ ಅದನ್ನು ಎತ್ತಿಕೊಂಡರು. ಉಂಗುರದ ಬೆರಳಿಗೆ ಹಾಕಿ ನೋಡಿದರು. ಹೊಲದ ಕೆಲಸಕ್ಕೆ ದಪ್ಪಗಾದ ಗೆಣ್ಣಿನ ಮೇಲೆ ಅದು ಇಳಿಯಲಿಲ್ಲ. ಕಿರುಬೆರಳಿಗೆ ಹಾಕಿದರು, ಕೂತಿತು. ಮಗ ಬೆರಗಾಗಿ ನಿಂತಿದ್ದರು, ತಾಯಿಯ ಕೈಯಲ್ಲಿ ಅದನ್ನು ಅವರು ಒಮ್ಮೆಯೂ ನೋಡಿದವರಲ್ಲ.

"ಬೇಡಪ್ಪ," ಎಂದರು ಅತ್ತೆ, ಕೈಯನ್ನು ಬೆಳಕಿಗೆ ತಿರುಗಿಸುತ್ತ. "ಇದು ನಮ್ಮ ಯಜಮಾನ್ರು ನನ್ನ ಕೈಗೆ ಹಾಕಿದ್ದು."